ಆಸ್ಕರ್ ಮಂಕಾದರೆ ಮೊದಲು ನೀರು ನೋಡಿ: ಚಿರೆಕಲ್ಲು ಬಾವಿಯ ಊರಿನವರಿಗೆ ದೋಷ ನಿವಾರಣೆ ಕೈಪಿಡಿ

ನಿನ್ನೆಯವರೆಗೆ ಕೈ ಕಂಡರೆ ಗಾಜಿಗೆ ಮುಖ ಒತ್ತುತ್ತಿದ್ದ ನಿಮ್ಮ ಗಾಜಿನ ತೊಟ್ಟಿಯ ಆಸ್ಕರ್ ಮೀನು ಇವತ್ತು ಮೂಲೆ ಹಿಡಿದಿದೆ. ಬಣ್ಣ ಕಂದಿದೆ, ಹಾಕಿದ ಕಾಳು ತೇಲುತ್ತಲೇ ಇದೆ. ಅಂಗಡಿಗೆ ಹೋದರೆ ಸಿಗುವುದು ಒಂದು ನೀಲಿ ಔಷಧದ ಬಾಟಲಿ. ಅದರಲ್ಲಿರುವ ಮೆಥಿಲೀನ್ ಬ್ಲೂ, ಫಿಲ್ಟರಿನೊಳಗೆ ನೀರು ಶುದ್ಧವಿಡುವ ಬ್ಯಾಕ್ಟೀರಿಯಾವನ್ನೂ ಕೊಲ್ಲುವುದರಿಂದ ಅರ್ಧ ಕೆಟ್ಟಿದ್ದ ನೀರು ಪೂರ್ತಿ ಕೆಡುತ್ತದೆ. ಕಾರವಾರ, ಕುಮಟಾ, ಶಿರಸಿ ಕಡೆಯ ತೊಟ್ಟಿಗಳಲ್ಲಿ ಆಸ್ಕರ್‌ಗೆ ಬರುವ ತೊಂದರೆಗಳಲ್ಲಿ ಹೆಚ್ಚಿನವು ರೋಗಾಣುವಿನಿಂದ ಶುರುವಾಗುವುದಿಲ್ಲ. ನಮ್ಮ ಬಾವಿ ನೀರಿನ ಗುಣ, ಮಳೆಗಾಲದ ಕರೆಂಟು ಮತ್ತು ತೋಟದ ಮದ್ದು ಈ ಮೂರರಲ್ಲಿ ಒಂದರಿಂದ ಶುರುವಾಗುತ್ತವೆ. ಅದಕ್ಕೇ ಈ ಕೈಪಿಡಿಯಲ್ಲಿ ಔಷಧದ ಮಾತು ಕೊನೆಗೆ ಬರುತ್ತದೆ.

ಲೆಕ್ಕಕ್ಕೆ ಎಲ್ಲ ಕಡೆಯೂ 300 ಲೀಟರ್ ನೀರು ಹಿಡಿದಿದ್ದೇವೆ. 4 ಅಡಿ ಉದ್ದ, 1.5 ಅಡಿ ಅಗಲ, 2 ಅಡಿ ಎತ್ತರದ ತೊಟ್ಟಿಯಲ್ಲಿ ನಿಲ್ಲುವ ನೀರು ಅಷ್ಟು. ಅದು ಒಂದು ದೊಡ್ಡ ಆಸ್ಕರ್‌ಗೆ ಸಾಕು. ಎರಡಿದ್ದರೆ 450 ಲೀಟರಿಗೆ ಕಡಿಮೆ ಬೇಡ. ಎರಡು ಅಡಿ ತೊಟ್ಟಿಯಲ್ಲಿ 30 ಸೆಂ.ಮೀ. ಬೆಳೆಯುವ ಮೀನು ಇಟ್ಟಿದ್ದರೆ ದೋಷ ಹುಡುಕುವ ಅಗತ್ಯವೇ ಇಲ್ಲ, ದೊಡ್ಡ ತೊಟ್ಟಿ ತನ್ನಿ.

ಕಾಯಿಲೆಯೋ, ಬಣ್ಣವೇ ಹಾಗೋ?

ಆರೋಗ್ಯವಾಗಿರುವ ಮೀನಿಗೆ ಔಷಧ ಹಾಕಿ ಕೊಂದವರು ಕಡಿಮೆಯಿಲ್ಲ. ಅಂಗಡಿಯಲ್ಲಿ ಸಿಗುವ ಟೈಗರ್, ರೆಡ್, ಅಲ್ಬಿನೋ, ಲುಟಿನೋ, ಲೆಮನ್, ಉದ್ದ ರೆಕ್ಕೆಯ ವೇಲ್‌ಟೇಲ್ ಎಲ್ಲವೂ ದಕ್ಷಿಣ ಅಮೆರಿಕದ ಆಸ್ಟ್ರೋನೋಟಸ್ ಕುಲದ ಮೀನಿನಿಂದ ಸಾಕಣೆಯಲ್ಲಿ ಬಂದ ಬಣ್ಣಗಳು. ನೀರು, ಆಹಾರ, ಜಾಗ ಎಲ್ಲಕ್ಕೂ ಒಂದೇ.

3–5 ಸೆಂ.ಮೀ. ಮರಿಗೆ ಕಪ್ಪು ಮೈಮೇಲೆ ಬಿಳಿ ಅಲೆಗಳಂಥ ಗುರುತು, ತಲೆಯ ಮೇಲೆ ಬಿಳಿ ಚುಕ್ಕೆ ಇರುತ್ತದೆ. ಇದನ್ನು ಬಿಳಿಚುಕ್ಕೆ ರೋಗ ಎಂದು ತಿಳಿದು ಉಪ್ಪು ಸುರಿಯಬೇಡಿ. ರೋಗದ ಚುಕ್ಕೆ ಸಕ್ಕರೆ ಕಾಳಿನಂತೆ ಉಬ್ಬಿರುತ್ತದೆ, ರೆಕ್ಕೆಯ ಪಾರದರ್ಶಕ ಭಾಗದಲ್ಲೂ ಕೂತಿರುತ್ತದೆ, ಇವತ್ತು ಇದ್ದ ಜಾಗದಲ್ಲಿ ನಾಳೆ ಇರುವುದಿಲ್ಲ. ಮರಿಯ ಗುರುತು ಚಪ್ಪಟೆ, ಜಾಗ ಬದಲಿಸುವುದಿಲ್ಲ. ಬೆಳೆದಂತೆ ಅದು ಒಡೆದು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ.

ದೊಡ್ಡ ಮೀನಿನಲ್ಲಿ ಕಪ್ಪು-ಬೂದು ಮೈಮೇಲೆ ಹರಿದು ಹಂಚಿದಂಥ ಕಿತ್ತಳೆ ಗೆರೆಗಳಿದ್ದರೆ ಟೈಗರ್. ಪಕ್ಕೆ ಇಡೀ ಕೆಂಪು, ತಲೆ ಮತ್ತು ರೆಕ್ಕೆ ಗಾಢವಿದ್ದರೆ ರೆಡ್. ಬಿಳಿ ಮೈಯ ಮೀನಿನಲ್ಲಿ ಕಣ್ಣು ನೋಡಿ: ಕೆಂಪಾಗಿದ್ದರೆ ಅಲ್ಬಿನೋ, ಕಪ್ಪಾಗಿದ್ದರೆ ಲುಟಿನೋ. ಈ ವ್ಯತ್ಯಾಸ ಬರೀ ಹೆಸರಿಗಲ್ಲ. ಅಲ್ಬಿನೋದ ರೆಕ್ಕೆಯಲ್ಲಿ ರಕ್ತನಾಳ ಸಹಜವಾಗಿಯೇ ಕಾಣುತ್ತದೆ. ಅದನ್ನು ಅಮೋನಿಯಾ ಸುಟ್ಟ ಗಾಯ ಎಂದುಕೊಳ್ಳುವವರಿದ್ದಾರೆ. ಬಿಳಿ ಮೀನಿನಲ್ಲಿ ರೆಕ್ಕೆಗಿಂತ ಕಿವಿರು ನೋಡುವುದು ಒಳ್ಳೆಯದು. ಬಾಲದ ಬುಡದಲ್ಲಿ ಕಿತ್ತಳೆ ಉಂಗುರದೊಳಗಿನ ಕಪ್ಪು ಬೊಟ್ಟು ಹುಣ್ಣಲ್ಲ. ಕಚ್ಚುವ ಮೀನುಗಳು ಬಾಲವನ್ನೇ ತಲೆಯೆಂದು ತಿಳಿದು ಮೋಸ ಹೋಗಲಿ ಎಂದು ಇರುವ ಸುಳ್ಳು ಕಣ್ಣು ಅದು.

ಬ್ಲೂಬೆರ್ರಿ, ಸ್ಟ್ರಾಬೆರ್ರಿ ಎಂಬ ಹೆಸರಿನಲ್ಲಿ ಬರುವ ನೀಲಿ, ಗುಲಾಬಿ ಮೀನು ಬಣ್ಣ ಹಾಕಿದ ಅಲ್ಬಿನೋ. ಕೆಲವು ತಿಂಗಳಲ್ಲಿ ಬಣ್ಣ ಇಳಿದರೆ ಅದು ರೋಗವಲ್ಲ, ಅಂಗಡಿಯವನ ಬಣ್ಣ ಹೋಗಿದ್ದು. ಕೊಳ್ಳದಿರುವುದೇ ವಾಸಿ.

ಬೆಳಿಗ್ಗೆ ಲೈಟ್ ಹಾಕಿದಾಗ ಮೀನು ಪೇಲವವಾಗಿ, ಅಡ್ಡಪಟ್ಟೆ ಎದ್ದು ಕಾಣುವುದು ಸಹಜ. ಹತ್ತು-ಹದಿನೈದು ನಿಮಿಷ ಕೊಡಿ. ವಾರಗಟ್ಟಲೆ ಕೆಂಪು ಇಳಿಯುತ್ತಾ ಹೋದರೆ ಆಹಾರದಲ್ಲಿ ಕೆಂಪು ಕೊಡುವ ಕೆರೋಟಿನಾಯ್ಡ್ ಸಾಲದು. ವಾರಕ್ಕೆರಡು ಸಲ ಸಿಪ್ಪೆ ಸಮೇತ ಶೆಟ್ಲಿ (ಸೀಗಡಿ) ಕೊಟ್ಟರೆ ಮರಳುತ್ತದೆ.

ಮುನಿಸಿಕೊಂಡಿದೆಯೋ, ಸಂಕಟದಲ್ಲಿದೆಯೋ?

ಕಲ್ಲು ಜರುಗಿಸಿದರೆ, ನೀರು ಬದಲಿಸಿದರೆ ಆಸ್ಕರ್ ಒಮ್ಮೊಮ್ಮೆ ತಳದಲ್ಲಿ ಮಗ್ಗುಲಾಗಿ ಬಿದ್ದುಕೊಳ್ಳುತ್ತದೆ. ಹೊಸಬರು ಸತ್ತೇಹೋಯಿತು ಎಂದುಕೊಳ್ಳುತ್ತಾರೆ. ಗಾಜಿನ ಮುಂದೆ ಬೆರಳು ನಿಧಾನ ಆಡಿಸಿ. ಕಣ್ಣು ಬೆರಳಿನ ಹಿಂದೆ ತಿರುಗಿದರೆ, ಕಿವಿರಿನ ಮುಚ್ಚಳ ಎರಡೂ ಬದಿ ಸಮವಾಗಿ, ಅವಸರವಿಲ್ಲದೆ ಆಡುತ್ತಿದ್ದರೆ ಅದು ಮುನಿಸು. ಒಂದೆರಡು ದಿನ ಹಾಗೇ ಬಿಡಿ. ಕಿವಿರು ಪಟಪಟ ಬಡಿದುಕೊಳ್ಳುತ್ತಿದ್ದರೆ, ಒಂದೇ ಬದಿ ಆಡುತ್ತಿದ್ದರೆ, ಮೇಲ್ಮೈಗೆ ಬಂದು ಬಾಯಿ ಬಿಡುತ್ತಿದ್ದರೆ ಮುಂದೆ ಓದಿ. ಮೀನು ಚೆನ್ನಾಗಿರುವ ದಿನವೇ ನಿಮಿಷಕ್ಕೆ ಕಿವಿರು ಎಷ್ಟು ಸಲ ಆಡುತ್ತದೆಂದು ಎಣಿಸಿ ತೊಟ್ಟಿಯ ಬದಿಗೆ ಬರೆದಿಡಿ. ಹೋಲಿಸಲು ಬೇರೆ ಅಳತೆಗೋಲಿಲ್ಲ.

ಮೊದಲ ಅರ್ಧ ಗಂಟೆ

ನೀರು ಬದಲಿಸುವ ಮೊದಲು ಆರು ಅಳತೆ ತೆಗೆದುಕೊಳ್ಳಿ: ಉಷ್ಣತೆ, ಪಿಎಚ್ (ನೀರಿನ ಹುಳಿ ತೋರುವ ಅಂಕೆ, ಕಡಿಮೆಯಾದಷ್ಟೂ ಹುಳಿ), ಕೆಎಚ್ (ನೀರು ಹುಳಿಯಾಗದಂತೆ ತಡೆಯುವ ಕ್ಷಾರತೆಯ ಅಳತೆ), ಅಮೋನಿಯಾ, ನೈಟ್ರೈಟ್, ನೈಟ್ರೇಟ್. ನೀರಿಗೆ ಅದ್ದುವ ಕಾಗದದ ಪಟ್ಟಿಗಿಂತ ಹನಿ ಹಾಕುವ ಟೆಸ್ಟ್ ಕಿಟ್ ನಂಬಿಕೆಗೆ ಅರ್ಹ. ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆ ಇರಬೇಕು, ನೈಟ್ರೇಟ್ 40 ಪಿಪಿಎಂ (ಲೀಟರಿಗೆ 40 ಮಿಲಿಗ್ರಾಂ) ದಾಟಬಾರದು, 20ರೊಳಗಿದ್ದರೆ ಒಳ್ಳೆಯದು. ಉಷ್ಣತೆ 24ರಿಂದ 28 ಡಿಗ್ರಿ.

ಬಾವಿ ನೀರನ್ನೂ ಅಳೆಯಿರಿ, ಎರಡು ಸಲ. ಸೇದಿದ ಕೂಡಲೇ ಒಮ್ಮೆ, ಏರ್ ಪಂಪ್ ಹಾಕಿ 24 ಗಂಟೆ ಬಿಟ್ಟ ಮೇಲೆ ಇನ್ನೊಮ್ಮೆ. ನೆಲದೊಳಗಿನ ನೀರಿನಲ್ಲಿ ಇಂಗಾಲದ ಡೈ ಆಕ್ಸೈಡ್ ಕರಗಿರುತ್ತದೆ. ಅದು ಹಾರಿಹೋದ ಮೇಲೆ ಪಿಎಚ್ ಒಂದು ಅಂಕ ಮೇಲೇರುವುದೂ ಉಂಟು. ತೊಟ್ಟಿಯ ನೀರಿನ ಜೊತೆ ಹೋಲಿಸಬೇಕಾದ್ದು ಎರಡನೆಯ ಅಂಕೆ.

ಪಿಎಚ್ ಕುಸಿತ: ನಮ್ಮ ಜಿಲ್ಲೆಯ ಮೊದಲ ಶತ್ರು

ಚಿರೆಕಲ್ಲು ನೆಲದ ನೀರು ಮೃದು, ಸ್ವಲ್ಪ ಹುಳಿ. ಸುಣ್ಣದ ಅಂಶ ಇಲ್ಲವೆಂಬಷ್ಟು ಕಡಿಮೆ. ಶಿರಸಿ, ಸಿದ್ದಾಪುರ ಕಡೆ ಕೆಎಚ್ 1 ಅಥವಾ 2 ಬಂದರೆ ಅಚ್ಚರಿಯಿಲ್ಲ. ಸೋಪು ಚೆನ್ನಾಗಿ ನೊರೆ ಬರುತ್ತದೆ, ಪಾತ್ರೆಗೆ ಕರೆ ಕಟ್ಟುವುದಿಲ್ಲ, ಮನೆಯವರಿಗೆ ಸಂತೋಷ. ಆಸ್ಕರ್‌ಗೂ ಮೃದು ನೀರು ಇಷ್ಟವೇ. ಹಾಗಿದ್ದರೆ ತೊಂದರೆ ಎಲ್ಲಿ?

ತೊಂದರೆ ಫಿಲ್ಟರಿನಲ್ಲಿ. ಮೀನು ಬಿಡುವ ಅಮೋನಿಯಾವನ್ನು ಬ್ಯಾಕ್ಟೀರಿಯಾ ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವಾಗ ನೀರಿನ ಕ್ಷಾರತೆ ಖರ್ಚಾಗುತ್ತದೆ: 1 ಗ್ರಾಂ ಅಮೋನಿಯಾ-ಸಾರಜನಕಕ್ಕೆ ಸುಮಾರು 7 ಗ್ರಾಂ. 40 ಶೇಕಡಾ ಪ್ರೋಟೀನಿನ ಕಾಳು ದಿನಕ್ಕೆ 6 ಗ್ರಾಂ ತಿನ್ನುವ ಮೀನು ನೀರಿಗೆ ಬಿಡುವ ಸಾರಜನಕ ಅಂದಾಜು ಕಾಲು ಗ್ರಾಂ. ಅಂದರೆ ದಿನಕ್ಕೆ 1.5ರಿಂದ 1.7 ಗ್ರಾಂ ಕ್ಷಾರತೆ ಹೋಯಿತು. ಕೆಎಚ್ 1 ಇರುವ 300 ಲೀಟರಿನಲ್ಲಿ ಇರುವುದೇ 5.4 ಗ್ರಾಂ. ಮೂರ್ನಾಲ್ಕು ದಿನಕ್ಕೆ ಚೀಲ ಖಾಲಿ. ಆಮೇಲೆ ಪಿಎಚ್ ಜಾರತೊಡಗುತ್ತದೆ. 6.5ಕ್ಕಿಂತ ಕೆಳಗೆ ಬ್ಯಾಕ್ಟೀರಿಯಾ ನಿಧಾನವಾಗುತ್ತದೆ, 6ರ ಕೆಳಗೆ ಕೆಲಸ ಬಿಟ್ಟೇಬಿಡುತ್ತದೆ. ಅಮೋನಿಯಾ ಏರುತ್ತದೆ.

ಇಲ್ಲಿವರೆಗೂ ಮೀನು ಬದುಕಿಯೇ ಇರುತ್ತದೆ, ಮಂಕಾಗಿ ಅಷ್ಟೆ. ಏಕೆಂದರೆ ಹುಳಿ ನೀರಿನಲ್ಲಿ ಅಮೋನಿಯಾ ಬಹುತೇಕ ಅಮೋನಿಯಂ ರೂಪದಲ್ಲಿದ್ದು ಅಷ್ಟು ವಿಷವಲ್ಲ. 28 ಡಿಗ್ರಿಯಲ್ಲಿ ಪಿಎಚ್ 6 ಇದ್ದಾಗ ವಿಷರೂಪದ ಪಾಲು 0.07 ಶೇಕಡಾ. ಪಿಎಚ್ 7ಕ್ಕೆ 0.7, ಪಿಎಚ್ 8ಕ್ಕೆ 6.5. ಈಗ ಯಜಮಾನರು ಗಾಬರಿಯಿಂದ ಅರ್ಧ ತೊಟ್ಟಿ ನೀರು ಚೆಲ್ಲಿ, ಸುಣ್ಣವೋ ಸೋಡಾವೋ ಸುರಿದು ಪಿಎಚ್ ಏರಿಸುತ್ತಾರೆ. ಸುಮ್ಮನಿದ್ದ ಅಮೋನಿಯಂ ಒಂದೇ ಗಂಟೆಯಲ್ಲಿ ವಿಷವಾಗುತ್ತದೆ. 'ನೀರು ಬದಲಿಸಿದ ಮೇಲೇ ಸತ್ತಿತು' ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಇದೇ ಲೆಕ್ಕ.

ಗುರುತು ಹೀಗೆ: ಪಿಎಚ್ 6 ಅಥವಾ ಕೆಳಗೆ, ಕೆಎಚ್ ಟೆಸ್ಟಿನಲ್ಲಿ ಮೊದಲ ಹನಿಗೇ ಬಣ್ಣ ತಿರುಗುತ್ತದೆ, ಅಮೋನಿಯಾ 1 ಪಿಪಿಎಂಗಿಂತ ಹೆಚ್ಚು, ನೀರು ಮಾತ್ರ ಕನ್ನಡಿಯಂತೆ ತಿಳಿ.

ಸರಿಪಡಿಸುವಾಗ ಅವಸರ ಬೇಡ. ಆಹಾರ ಪೂರ್ತಿ ನಿಲ್ಲಿಸಿ. ದೊಡ್ಡ ಆಸ್ಕರ್ ಒಂದು ವಾರ ಉಪವಾಸವಿದ್ದರೂ ಏನೂ ಆಗುವುದಿಲ್ಲ. ಗಾಳಿ ಆಡಿಸಿದ ಬಾವಿ ನೀರಿನಿಂದ ಬೆಳಿಗ್ಗೆ 10 ಶೇಕಡಾ, ಸಂಜೆ 10 ಶೇಕಡಾ ಬದಲಿಸಿ, ಸೋಡಾ ಮುಟ್ಟಬೇಡಿ. ಅಮೋನಿಯಾ 1 ಪಿಪಿಎಂ ಕೆಳಗೆ ಇಳಿದ ಮೇಲೆ ಅಡಿಗೆ ಸೋಡಾ ಶುರುಮಾಡಿ. 100 ಲೀಟರಿಗೆ 3 ಗ್ರಾಂ ಹಾಕಿದರೆ ಕೆಎಚ್ 1 ಏರುತ್ತದೆ. ದಿನಕ್ಕೆ ಅದರ ಅರ್ಧ ಸಾಕು: 300 ಲೀಟರಿಗೆ 4.5 ಗ್ರಾಂ, ಹತ್ತಿರ ಹತ್ತಿರ ಮಟ್ಟಸವಾದ ಒಂದು ಟೀ ಚಮಚ. ಒಂದು ಚೊಂಬು ತೊಟ್ಟಿ ನೀರಿನಲ್ಲಿ ಕರಗಿಸಿ ಫಿಲ್ಟರಿನ ಹೊರಹರಿವಿನ ಹತ್ತಿರ ನಿಧಾನ ಹೊಯ್ಯಿರಿ. ಕೆಎಚ್ 2ಕ್ಕೆ ಬಂದಾಗ ನಿಲ್ಲಿಸಿ, ಅಮೋನಿಯಾ ಸೊನ್ನೆಯಾಗುವವರೆಗೆ ಕಾದು, ನಂತರ 4ಕ್ಕೆ ಒಯ್ಯಿರಿ. ಬ್ಯಾಕ್ಟೀರಿಯಾ ಚೇತರಿಸಿಕೊಳ್ಳಲು ಒಂದರಿಂದ ಮೂರು ವಾರ ಹಿಡಿಯುತ್ತದೆ. ಅಷ್ಟರಲ್ಲಿ ನೈಟ್ರೈಟ್ ಎದ್ದರೆ ಲೀಟರಿಗೆ 1 ಗ್ರಾಂ ಕಲ್ಲುಪ್ಪು ಹಾಕಿ. ಉಪ್ಪಿನ ಕ್ಲೋರೈಡ್ ನೈಟ್ರೈಟನ್ನು ಕಿವಿರಿನ ಬಾಗಿಲಲ್ಲೇ ತಡೆಯುತ್ತದೆ. ಸಾಣಿಕಟ್ಟಾ ಉಪ್ಪಾದರೆ ಬಕೆಟಿನಲ್ಲಿ ಕರಗಿಸಿ, ಮಣ್ಣು ಕೆಳಗೆ ಕೂತ ಮೇಲೆ ತಿಳಿಯನ್ನಷ್ಟೇ ಬಳಸಿ.

ಮತ್ತೆ ಕುಸಿಯದಂತೆ ಮಾಡಲು ಪೇಟೆಯ ಸಾಮಾನು ಏನೂ ಬೇಡ. ಅಘನಾಶಿನಿ ಅಳಿವೆಯ ಬಳಚು ತಿಂದ ಮೇಲೆ ಎಸೆಯುವ ಚಿಪ್ಪು ಸಾಕು. ಮಾಂಸದ ಚೂರು ಉಳಿಯದಂತೆ ಕುದಿಸಿ, ಉಜ್ಜಿ, ಮೂರು ದಿನ ಬಿಸಿಲಿಗಿಟ್ಟು ಅರ್ಧ ಕಿಲೋದಷ್ಟನ್ನು ಬಲೆಚೀಲದಲ್ಲಿ ಕಟ್ಟಿ ಫಿಲ್ಟರಿನಲ್ಲಿ ನೀರು ಹಾಯುವ ಜಾಗದಲ್ಲಿಡಿ. ತೊಟ್ಟಿಯ ತಳದಲ್ಲಿ ಬೇಡ, ಆಸ್ಕರ್ ಬಾಯಿಗೆ ಹಾಕಿಕೊಳ್ಳುತ್ತದೆ. ನೀರು ಹುಳಿಯಾದಷ್ಟೂ ಚಿಪ್ಪು ಬೇಗ ಕರಗುತ್ತದೆ, ಪಿಎಚ್ ಏರಿದಂತೆ ಕರಗುವುದು ತಾನೇ ನಿಧಾನವಾಗುತ್ತದೆ. ತಿಂಗಳಿಗೊಮ್ಮೆ ಲೋಳೆ ತೊಳೆಯಬೇಕು, ಇಲ್ಲದಿದ್ದರೆ ಚಿಪ್ಪಿದ್ದೂ ಇಲ್ಲದಂತೆ.

ಸಮುದ್ರದಂಚಿನ ಬಾವಿಗಳ ಕಥೆ ಬೇರೆ. ಏಪ್ರಿಲ್-ಮೇಯಲ್ಲಿ ಹೊಳೆಯ ಉಪ್ಪು ನುಗ್ಗಿ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣದ ಒಟ್ಟು ಅಳತೆ) ಏರುತ್ತದೆ. ಸ್ವಲ್ಪ ಉಪ್ಪನ್ನು ಆಸ್ಕರ್ ಸಹಿಸುತ್ತದೆ. ಪೆಟ್ಟು ಬೀಳುವುದು ಜೂನ್ ಮಳೆಗೆ ಬಾವಿ ಒಮ್ಮೆಲೇ ಸಿಹಿಯಾದಾಗ. ಆ ಎರಡು ವಾರ ಒಮ್ಮೆಗೆ 10 ಶೇಕಡಾಕ್ಕಿಂತ ಹೆಚ್ಚು ಬದಲಿಸಬೇಡಿ.

ಕರೆಂಟು ಹೋಗಿ ಬಂದ ಮೇಲೆ

ಗಾಳಿಮಳೆಗೆ ಮರ ಬಿದ್ದು ಇಡೀ ರಾತ್ರಿ ಕರೆಂಟಿಲ್ಲ. ಬೆಳಿಗ್ಗೆ ಮೀನು ಸರಿಯಾಗಿಯೇ ಇದೆ, ಎರಡು ದಿನ ಬಿಟ್ಟು ಏದುಸಿರು ಬಿಡುತ್ತದೆ. ಆಸ್ಕರ್ ಆಮ್ಲಜನಕದ ಕೊರತೆಯನ್ನು ಚೆನ್ನಾಗಿ ತಡೆದುಕೊಳ್ಳುವ ಮೀನು. ಆ ಕೊರತೆ ತಡೆಯಲಾರದ್ದು ಮೀನಲ್ಲ, ಕ್ಯಾನಿಸ್ಟರ್ ಫಿಲ್ಟರಿನ ಮುಚ್ಚಿದ ಡಬ್ಬಿಯೊಳಗಿನ ಬ್ಯಾಕ್ಟೀರಿಯಾ. ನೀರು ಹರಿಯದಿದ್ದರೆ ಡಬ್ಬಿಯೊಳಗಿನ ಆಮ್ಲಜನಕ ಕೆಲವೇ ಗಂಟೆಯಲ್ಲಿ ತೀರುತ್ತದೆ. ಕರೆಂಟು ಬಂದ ಕೂಡಲೇ ಆ ಕೊಳೆತ ನೀರೆಲ್ಲ ತೊಟ್ಟಿಗೆ ಬೀಳುತ್ತದೆ.

ಎರಡು-ಮೂರು ಗಂಟೆ ಮೀರಿ ನಿಂತಿದ್ದರೆ ಫಿಲ್ಟರನ್ನು ನೇರ ಶುರುಮಾಡಬೇಡಿ. ಮುಚ್ಚಳ ತೆಗೆದು ಮೂಸಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಒಳಗಿನ ನೀರು ಚೆಲ್ಲಿ, ಸ್ಪಂಜು ಮತ್ತು ಬ್ಯಾಕ್ಟೀರಿಯಾ ಕೂರುವ ಉಂಗುರಗಳನ್ನು ತೊಟ್ಟಿಯದೇ ನೀರಿನಲ್ಲಿ ಅದ್ದಿ ತೆಗೆದು ಆಮೇಲೆ ಓಡಿಸಿ. ಕರೆಂಟು ಬೇಗ ಬರುವುದಿಲ್ಲವೆಂದು ಗೊತ್ತಾದರೆ ಉಂಗುರಗಳನ್ನು ಬಲೆಚೀಲದಲ್ಲಿ ಹಾಕಿ ತೊಟ್ಟಿಯಲ್ಲೇ ಇಳಿಬಿಟ್ಟು ಅದರ ಕೆಳಗೆ ಬ್ಯಾಟರಿ ಏರ್ ಪಂಪಿನ ಕಲ್ಲು ಇಡಿ. ಪಂಪ್ ಇಲ್ಲದಿದ್ದರೆ ಚೊಂಬಿನಿಂದ ಎತ್ತಿ ಹೊಯ್ಯುವುದೂ ಕೆಲಸ ಮಾಡುತ್ತದೆ. ಮುಂದಿನ ಐದು ದಿನ ಅಮೋನಿಯಾ, ನೈಟ್ರೈಟ್ ಅಳೆಯುತ್ತಿರಿ, ಆಹಾರ ಕಾಲುಭಾಗಕ್ಕೆ ಇಳಿಸಿ.

ಚಳಿ, ಸೆಕೆ

ಶಿರಸಿಯ ಡಿಸೆಂಬರ್-ಜನವರಿ ರಾತ್ರಿಗಳಲ್ಲಿ ಹೀಟರ್ ಇಲ್ಲದ ತೊಟ್ಟಿ 20 ಡಿಗ್ರಿ ಕೆಳಗೆ ಇಳಿದರೆ ಮೀನು ತಿನ್ನುವುದನ್ನು ಬಿಡುತ್ತದೆ. ತಿಂದದ್ದೂ ಅರಗುವುದಿಲ್ಲ. ಲೀಟರಿಗೆ 1 ವ್ಯಾಟ್ ಲೆಕ್ಕದಲ್ಲಿ 300 ವ್ಯಾಟ್ ಬೇಕು. ಒಂದೇ 300ರ ಬದಲು 150ರ ಎರಡು ಹಾಕಿ, ಒಂದು ಕೆಟ್ಟು ಉರಿಯುತ್ತಲೇ ನಿಂತರೂ ಮೀನು ಬೇಯುವುದಿಲ್ಲ. ಆಸ್ಕರ್ ಗಾಜಿನ ಹೀಟರನ್ನು ಗುದ್ದಿ ಒಡೆಯುವುದರಿಂದ ಪ್ಲಾಸ್ಟಿಕ್ ಕವಚ ಕಡ್ಡಾಯ. ಮೇಯಲ್ಲಿ ಕಾರವಾರದ ತೊಟ್ಟಿ 32 ಮುಟ್ಟಿದರೆ ಫ್ಯಾನ್ ಗಾಳಿ ಬಿಡಿ, ಆದರೆ ಕರಾವಳಿಯ ತೇವದ ಗಾಳಿಯಲ್ಲಿ ನೀರು ಆರುವುದು ಕಡಿಮೆ, ಹಾಗಾಗಿ ಘಟ್ಟದ ಮೇಲಿನಷ್ಟು ತಂಪಾಗದು. ಏರ್ ಪಂಪ್ ಹೆಚ್ಚಿಸುವುದು, ಮಧ್ಯಾಹ್ನದ ಊಟ ತಪ್ಪಿಸುವುದು ಹೆಚ್ಚು ಫಲ ಕೊಡುತ್ತದೆ.

ತಲೆಯ ಮೇಲೆ ತೂತು

ಟಾರ್ಚನ್ನು ಮೀನಿನ ತಲೆಗೆ ನೇರ ಬಿಡದೆ ಬದಿಯಿಂದ ಓರೆಯಾಗಿ ಹಿಡಿಯಿರಿ. ಕಣ್ಣಿನ ಸುತ್ತ, ಮೂಗಿನ ಮೇಲೆ ಸೂಜಿಮೊನೆಯಷ್ಟು ರಂಧ್ರಗಳು ಎಡ-ಬಲ ಸಮನಾಗಿ ಕಾಣುತ್ತವೆ. ಅವು ನೀರಿನ ಅಲುಗಾಟ ತಿಳಿಯಲು ಮೀನಿಗೆ ಹುಟ್ಟಿನಿಂದಲೇ ಇರುವ ರಂಧ್ರಗಳು. ಒಂದು ಬದಿಯದು ಮಾತ್ರ ಸಾಸಿವೆಯಷ್ಟು ಅಗಲವಾಗಿದ್ದರೆ, ಅಂಚು ಬಿಳಿಚಿಕೊಂಡು ಒಳಗಿಂದ ದಾರದಂಥ ಬಿಳಿ ಲೋಳೆ ಇಣುಕಿದರೆ ರೋಗ ಶುರುವಾಗಿದೆ. ಜೊತೆಗೆ ಬಿಳಿ, ಜೋಲಾಡುವ ಹಿಕ್ಕೆ ಕಂಡರೆ ಸಂಶಯ ಗಟ್ಟಿ.

ಇದರ ಹಿಂದೆ ಹೆಕ್ಸಾಮಿಟಾ ಗುಂಪಿನ ಕರುಳಿನ ಪರಾವಲಂಬಿ ಇರುವುದುಂಟು. ಅದಕ್ಕೆ ದಾರಿ ಮಾಡಿಕೊಡುವುದು ಹೆಚ್ಚಿದ ನೈಟ್ರೇಟ್ ಮತ್ತು ಒಂದೇ ಬಗೆಯ ಆಹಾರ. ಗುಂಡಿ ಸಣ್ಣದಿದ್ದರೆ ವಾರಕ್ಕೆ ಎರಡು ಸಲ 25 ಶೇಕಡಾ ನೀರು, ವಿಟಮಿನ್ ಇರುವ ಒಳ್ಳೆ ಕಾಳು ಎರಡರಿಂದಲೇ ನಿಲ್ಲುತ್ತದೆ. ಬೆಳೆಯುತ್ತಿದ್ದರೆ ಪಶುವೈದ್ಯರ ಚೀಟಿಯಿಂದ ಮೆಟ್ರೊನಿಡಜೋಲ್ ತನ್ನಿ. ಮೀನು ತಿನ್ನುತ್ತಿದ್ದರೆ 100 ಗ್ರಾಂ ಆಹಾರಕ್ಕೆ 1 ಗ್ರಾಂ ಬೆರೆಸಿ ಒಂದು ವಾರ. ತಿನ್ನದಿದ್ದರೆ 300 ಲೀಟರಿಗೆ 400 ಮಿಲಿಗ್ರಾಂನ 5 ಮಾತ್ರೆ ಪುಡಿಮಾಡಿ, ಬೆಚ್ಚಗಿನ ನೀರಿನಲ್ಲಿ ಕದಡಿ ಹಾಕಿ. 48 ಗಂಟೆಗೊಮ್ಮೆ, ಒಟ್ಟು ಮೂರು ಸಲ, ಪ್ರತಿ ಸಲಕ್ಕೂ ಮೊದಲು 25 ಶೇಕಡಾ ನೀರು ಬದಲಿಸಿ. ಫಿಲ್ಟರಿನಲ್ಲಿ ಇದ್ದಿಲಿದ್ದರೆ ತೆಗೆದಿಡಿ, ಇಲ್ಲದಿದ್ದರೆ ಔಷಧವೆಲ್ಲ ಅದಕ್ಕೇ ಹೋಗುತ್ತದೆ.

ಬಿಳಿಚುಕ್ಕೆ, ಹೊಟ್ಟೆ ಉಬ್ಬರ

ನಿಜವಾದ ಬಿಳಿಚುಕ್ಕೆಗೆ ಉಷ್ಣತೆಯನ್ನು ಗಂಟೆಗೆ 1 ಡಿಗ್ರಿ ಮೀರದಂತೆ 30ಕ್ಕೆ ಏರಿಸಿ, 600 ಗ್ರಾಂ ಉಪ್ಪನ್ನು ಮೂರು ಕಂತಿನಲ್ಲಿ ಒಂದೂವರೆ ದಿನದೊಳಗೆ ಹಾಕಿ. ಕೊನೆಯ ಚುಕ್ಕೆ ಹೋದ ಮೇಲೂ ಒಂದು ವಾರ ಹಾಗೇ ಇರಲಿ. ಹೊಸ ಮರಿಯನ್ನು ನೇರ ತೊಟ್ಟಿಗೆ ಬಿಟ್ಟಾಗಲೇ ಇದು ಬರುವುದು ಹೆಚ್ಚು.

ಹೊಟ್ಟೆ ಉಬ್ಬಿದ್ದರೆ ಮೇಲಿನಿಂದ ನೋಡಿ. ಹುರುಪೆ ಹಲಸಿನಕಾಯಿಯ ಮುಳ್ಳಿನಂತೆ ಸುತ್ತಲೂ ಎದ್ದು ನಿಂತಿದ್ದರೆ ಒಳಗಿನ ಅಂಗ ಕೆಟ್ಟಿದೆ, ಉಳಿಯುವುದು ಕಷ್ಟ. ಹುರುಪೆ ನಯವಾಗಿದ್ದರೆ ಮಲಬದ್ಧತೆ ಅಥವಾ ನುಂಗಿದ ಕಲ್ಲು. ಮೂರು ದಿನ ಉಪವಾಸ, 20 ಲೀಟರಿಗೆ 1 ಟೀ ಚಮಚ ಎಪ್ಸಮ್ ಸಾಲ್ಟ್, ನಂತರ ಸಿಪ್ಪೆ ಸುಲಿದು ಬೇಯಿಸಿದ ಹಸಿ ಬಟಾಣಿ. ತಳಕ್ಕೆ ಜಲ್ಲಿ ಹಾಕುವುದಾದರೆ ಬಾಯಿಗೆ ಹಿಡಿಯದಷ್ಟು ದೊಡ್ಡದು ಹಾಕಿ, ಇಲ್ಲವೇ ಮರಳು.

ಮೀನುಪೇಟೆ ಹತ್ತಿರವಿದೆಯೆಂದು ತಾರ್ಲೆ, ಬಂಗಡೆ ಕೊಡುವುದು ಬೇಡ. ಎಣ್ಣೆ ಮೇಲ್ಮೈಗೆ ಪೊರೆ ಕಟ್ಟಿ ನೀರಿಗೆ ಗಾಳಿ ಸೇರದಂತೆ ಮಾಡುತ್ತದೆ. ಜೀವಂತ ಗೋಲ್ಡ್‌ಫಿಶ್ ಇನ್ನೂ ಕೆಟ್ಟದ್ದು: ರೋಗ ತರುತ್ತದೆ, ಅದರಲ್ಲಿನ ಥಯಾಮಿನೇಸ್ ಬಿ1 ವಿಟಮಿನ್ ಹಾಳುಮಾಡುತ್ತದೆ. ಒಣ ಶೆಟ್ಲಿಯಾದರೆ ಅರ್ಧ ಗಂಟೆ ನೆನೆಸಿ, ಮರಳು ಜಾಲಿಸಿ ಕೊಡಿ.

ಕೆಲವೇ ಗಂಟೆಯಲ್ಲಿ ಸತ್ತರೆ

ಬೆಳಿಗ್ಗೆ ನೀರು ಬದಲಿಸಿ ಮಧ್ಯಾಹ್ನದೊಳಗೆ ಮೀನು ಮೈತುಂಬ ಲೋಳೆ ಬಿಟ್ಟು, ಹುಚ್ಚೆದ್ದು ಓಡಾಡಿ ಸತ್ತರೆ ರೋಗ ಹುಡುಕಬೇಡಿ, ವಿಷ ಹುಡುಕಿ. ಮಳೆಗಾಲದಲ್ಲಿ ಎರಡು ಅನುಮಾನ.

ಮೊದಲನೆಯದು ಬಾವಿಗೆ ಹಾಕಿದ ಬ್ಲೀಚಿಂಗ್ ಪೌಡರ್. ಮನೆಯಲ್ಲಿ ಕೇಳಿ, ಯಾರಾದರೂ ಹಾಕಿರುತ್ತಾರೆ. ಕ್ಲೋರಿನ್ ಟೆಸ್ಟ್ ಮಾಡಿ. 100 ಲೀಟರಿಗೆ 1 ಗ್ರಾಂ ಸೋಡಿಯಂ ಥಯೋಸಲ್ಫೇಟ್ ಹರಳು ಸುಮಾರು 1.4 ಪಿಪಿಎಂ ಕ್ಲೋರಿನನ್ನು ತೆಗೆಯುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ಆ ವಾರ ಬೇರೆ ಬಾವಿಯ ನೀರು ತನ್ನಿ.

ಎರಡನೆಯದು ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಮದ್ದು. ಒಂದು ಶೇಕಡಾ ಬೋರ್ಡೋ ಎಂದರೆ 100 ಲೀಟರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಅದರ ಪ್ರತಿ ಲೀಟರಿನಲ್ಲಿ ತಾಮ್ರ 2.5 ಗ್ರಾಂ. ಮದ್ದಿನ ಡ್ರಮ್ಮಿನ ತಳದಲ್ಲಿ ಉಳಿದ 100 ಮಿಲಿಲೀಟರ್ 300 ಲೀಟರ್ ತೊಟ್ಟಿಗೆ ಸೇರಿ ಪೂರ್ತಿ ಕರಗಿದರೆ 0.8 ಪಿಪಿಎಂ ದಾಟುತ್ತದೆ. ಪರಾವಲಂಬಿಗಳಿಗೆ ಎಂದು ಮೀನಿನ ತೊಟ್ಟಿಗೆ ಅಳೆದು ಹಾಕುವ ತಾಮ್ರವೇ 0.15ರಿಂದ 0.2 ಪಿಪಿಎಂ. ಸುಣ್ಣ ಸೇರಿದ ಮದ್ದಿನಲ್ಲಿ ತಾಮ್ರ ಬಹುಪಾಲು ಕರಗದೆ ಕೂತಿರುತ್ತದೆ ನಿಜ, ಆದರೆ ನಮ್ಮ ಹುಳಿ ನೀರು ಅದನ್ನು ಕರಗಿಸುತ್ತದೆ, ಮೃದು ನೀರಿನಲ್ಲಿ ತಾಮ್ರದ ವಿಷವೂ ಹೆಚ್ಚು. ತೊಟ್ಟಿಯಲ್ಲಿ ಬಸವನಹುಳ ಇದ್ದರೆ ಅವು ಮೊದಲು ಉದುರುತ್ತವೆ, ಅದೇ ದೊಡ್ಡ ಸುಳಿವು.

ಮೀನು ಇನ್ನೂ ಜೀವಂತವಿದ್ದರೆ ಖಚಿತವಾಗಿ ಶುದ್ಧವಿರುವ, ಅದೇ ಪಿಎಚ್, ಅದೇ ಉಷ್ಣತೆಯ ನೀರಿಗೆ ಎತ್ತಿ ಹಾಕಿ. ಅಷ್ಟು ನೀರಿಲ್ಲದಿದ್ದರೆ ಅರ್ಧ ಬದಲಿಸಿ ಹೊಸ ಆಕ್ಟಿವೇಟೆಡ್ ಕಾರ್ಬನ್ 300 ಗ್ರಾಂ ಹಾಕಿ, ಏರ್ ಪಂಪ್ ಜೋರು ಮಾಡಿ. ತಾಮ್ರದ ಟೆಸ್ಟ್ ಸೊನ್ನೆ ತೋರಿಸುವವರೆಗೆ ಎರಡು ದಿನಕ್ಕೊಮ್ಮೆ ಕಾರ್ಬನ್ ಬದಲಿಸಿ. ಮದ್ದು ಹೊಡೆಯುವ ತಿಂಗಳಲ್ಲಿ ತೋಟದ ಎರೆಹುಳ ಕೊಡಬೇಡಿ, ತೋಟದಂಚಿನ ಮಾಡಿನಿಂದ ಇಳಿದ ಮಳೆನೀರನ್ನೂ ತೊಟ್ಟಿಗೆ ಹಿಡಿಯಬೇಡಿ. ಮೀನಿನ ಬಕೆಟ್ಟು ಮನೆಯಲ್ಲಿ ಬೇರೆ ಯಾವುದಕ್ಕೂ ಇಲ್ಲದ ಬಣ್ಣದ್ದಿರಲಿ, ಮದ್ದು ಕಲಸುವ ದಿನ ಅದನ್ನು ಅಟ್ಟದ ಮೇಲಿಡಿ.